ರಾಯವೇಲೂರಿನ ಡಾಕ್ಟರಮ್ಮ ಐಡಾ ಸ್ಕಡರ್



ನಮ್ಮ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ರಾಯವೇಲೂರಿಗೆ ಕರಕೊಂಡು ಹೋಗಿ ಅಂತಾರೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದರೆ ವೇಲೂರು ಹತ್ತಿರ. ಅಲ್ಲಿಗೆ ಹೋಗಿ ಬಂದವರು ಆಸ್ಪತ್ರೆ ಎಷ್ಟು ದೊಡ್ಡದು, ಎಷ್ಟು ಭಾಷೆಯ ಜನ ಬರ್ತಾರೆ, ಚೀಟಿಗೆ ಎಷ್ಟು ಹೊತ್ತು ನಿಂತೆವು ಅಂತೆಲ್ಲ ಹೇಳ್ತಾರೆ. ಆದರೆ ಅದನ್ನು ಕಟ್ಟಿದವರು ಯಾರು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಕಟ್ಟಿದವರು ಒಬ್ಬ ಹೆಂಗಸು. ಅದೂ ಡಾಕ್ಟರಾಗುವುದೇ ಇಲ್ಲ, ಈ ದೇಶದಲ್ಲಿ ಇರುವುದೇ ಇಲ್ಲ ಅಂತ ಹಟ ಹಿಡಿದಿದ್ದ ಹುಡುಗಿ! ಲೈಬ್ರರಿ ಪುಸ್ತಕದಲ್ಲಿ ಓದಿ, ಟೀಚರ್ ಹತ್ತಿರ ಕೇಳಿ ತಿಳಿದುಕೊಂಡು ಅವರ ಜೀವನವನ್ನು ಇಲ್ಲಿ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಎರಡು ಹಾಳೆಗೆ ಬಂದಿದೆ. ಬೆಲ್ ಹೊಡೆದರೆ ಉಳಿದದ್ದನ್ನು ನಾಳೆ ಓದಿ.

ಐಡಾ ಸ್ಕಡರ್ ಅವರು 1870ನೇ ಇಸವಿ ಡಿಸೆಂಬರ್ 9ರಂದು ತಮಿಳುನಾಡಿನ ರಾಣಿಪೇಟೆಯಲ್ಲಿ ಜನಿಸಿದರು. ಆಗ ಅದು ಮದರಾಸು ಪ್ರಾಂತ್ಯ. ಇವರ ತಂದೆ ಜಾನ್ ಸ್ಕಡರ್, ತಾಯಿ ಸೋಫಿಯಾ. ಇವರು ಅಮೆರಿಕ ದೇಶದವರು. ಐಡಾ ಅವರ ತಾತ ಇಲ್ಲಿಗೆ ಬಂದ ಅಮೆರಿಕದ ಮೊದಲನೇ ಮಿಷನ್ ಡಾಕ್ಟರು. ತಾತನ ಮಕ್ಕಳೂ ಅದೇ ಕೆಲಸಕ್ಕೆ ಬಂದರು. ಮಿಷನ್‌ನವರು ತಮ್ಮ ಧರ್ಮ ಹೇಳಲು ಬಂದವರು, ಅದು ನಿಜ. ಆದರೆ ಔಷಧಿ ಕೊಡುವಾಗ ಯಾವ ಜಾತಿ, ಯಾವ ದೇವರು ಅಂತ ನೋಡುತ್ತಿರಲಿಲ್ಲ.

ಐಡಾಗೆ ಆರೇಳು ವರ್ಷ ಇರುವಾಗ ಮಹಾ ಬರಗಾಲ ಬಂತು. 1876ರಿಂದ 78ರವರೆಗೆ ಇದ್ದ ಈ ಬರಕ್ಕೆ ನಮ್ಮ ಕಡೆ ಧಾತು ಈಶ್ವರ ಸಂವತ್ಸರದ ಬರ ಅಂತಾರೆ. ನಮ್ಮ ಮೈಸೂರು ಸೀಮೆಯಲ್ಲೂ ಲಕ್ಷಗಟ್ಟಲೆ ಜನ ಸತ್ತರು. ರೊಟ್ಟಿ ಕೊಟ್ಟರೂ ಎತ್ತಿ ತಿನ್ನಲು ಶಕ್ತಿ ಇಲ್ಲದೆ ಮಕ್ಕಳು ಬಿದ್ದಿರುತ್ತಿದ್ದರು. ಪುಟ್ಟ ಐಡಾ ರೊಟ್ಟಿಯನ್ನು ಮುರಿದು ಮುರಿದು ಆ ಮಕ್ಕಳ ಬಾಯಿಗೆ ಇಡುತ್ತಿದ್ದಳು. ತನ್ನದೇ ವಯಸ್ಸಿನ ಮಕ್ಕಳು ರಸ್ತೆ ಪಕ್ಕದಲ್ಲಿ ಸತ್ತು ಬಿದ್ದಿದ್ದನ್ನೂ ನೋಡಿದಳು. ಇಷ್ಟು ಸಣ್ಣ ವಯಸ್ಸಿನಲ್ಲಿ ಇದನ್ನು ನೋಡಿದರೆ ಯಾರಿಗಾದರೂ ಈ ಊರೇ ಬೇಡ ಅನಿಸುವುದಿಲ್ಲವೇ? ಐಡಾಗೂ ಹಾಗೇ ಅನಿಸಿತು. ಮುಂದೆ ಮನೆಯವರು ಅಮೆರಿಕಕ್ಕೆ ಹೋದರು. ಅಪ್ಪ ಅಮ್ಮ ಮತ್ತೆ ಭಾರತಕ್ಕೆ ಹೊರಟಾಗ ಅವಳನ್ನು ನೆಂಟರ ಮನೆಯಲ್ಲಿ ಓದಲು ಬಿಟ್ಟರು. ಅವಳು ಬಹಳ ಅತ್ತಳು. ಅಪ್ಪ ಅಮ್ಮನನ್ನು ದೂರ ಮಾಡಿದ ಈ ಕೆಲಸವೇ ತನಗೆ ಬೇಡ, ಮದುವೆಯಾಗಿ ಅಮೆರಿಕದಲ್ಲೇ ಸುಖವಾಗಿ ಇರುತ್ತೇನೆ ಅಂತ ಗಟ್ಟಿ ಮಾಡಿಕೊಂಡಳು.

1890ರಲ್ಲಿ ಅಮ್ಮನಿಗೆ ಕಾಯಿಲೆ ಎಂದು ಕಾಗದ ಬಂತು. ಆಗ ಅಪ್ಪ ಅಮ್ಮ ತಿಂಡಿವನಂ ಎಂಬ ಊರಿನಲ್ಲಿದ್ದರು. ಅಮ್ಮನನ್ನು ನೋಡಿಕೊಂಡು ವಾಪಸ್ ಹೋಗೋಣ ಅಂತಲೇ ಐಡಾ ಬಂದರು. (ಇಲ್ಲಿಂದ ಬಂದರು ಹೋದರು ಅಂತ ಬರೆಯುತ್ತೇನೆ, ದೊಡ್ಡವರಾದರಲ್ಲ.)

ಅಲ್ಲಿ ಒಂದು ರಾತ್ರಿ ನಡೆದದ್ದನ್ನು ನಾನು ಮೂರು ಸಲ ಓದಿದೆ.

ಆ ರಾತ್ರಿ ಐಡಾ ಮನೆಯಲ್ಲಿ ದೀಪದ ಹತ್ತಿರ ಕೂತಿದ್ದರು. ಬಾಗಿಲ ಹತ್ತಿರ ಒಬ್ಬ ಬ್ರಾಹ್ಮಣ ಯುವಕ ಬಂದು ನಿಂತ. ಹೆಂಡತಿಗೆ ಹೆರಿಗೆ ನೋವು, ಸೂಲಗಿತ್ತಿಯ ಕೈಲಿ ಆಗುತ್ತಿಲ್ಲ, ಐಡಾ ಬರಬೇಕು ಎಂದ. ಐಡಾ ತನಗೇನೂ ಗೊತ್ತಿಲ್ಲ, ತನ್ನ ತಂದೆ ಡಾಕ್ಟರು, ಅವರನ್ನು ಕಳಿಸುತ್ತೇನೆ ಎಂದರು. ಅವನು ಒಪ್ಪಲಿಲ್ಲ. ಪರಗಂಡಸು ತನ್ನ ಹೆಂಡತಿಯ ಮುಖ ನೋಡುವಂತಿಲ್ಲ ಎಂದು ಹೇಳಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸಲ್ಮಾನರು ಬಂದರು. ಅವರ ಮನೆಯಲ್ಲೂ ಅದೇ ಕಷ್ಟ, ಅವರದೂ ಅದೇ ಮಾತು. ಆಮೇಲೆ ಮೂರನೆಯವರು, ಮೊದಲಿಯಾರ್ ಜಾತಿಯವರು. ಅವರೂ ಹೆಂಗಸು ಡಾಕ್ಟರ್ ಇಲ್ಲ ಅಂತ ವಾಪಸ್ ಹೋದರು. ಐಡಾಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೀದಿಯಲ್ಲಿ ತಮಟೆ ಸದ್ದು ಕೇಳಿತು. ಆಳನ್ನು ಕಳಿಸಿ ವಿಚಾರಿಸಿದರೆ ಮೂರು ಹೆಂಗಸರೂ ತೀರಿಹೋಗಿದ್ದರು.

ಇದನ್ನು ಓದಿ ನಾನು ಬಹಳ ಯೋಚನೆ ಮಾಡಿದೆ. ಡಾಕ್ಟರು ಅದೇ ಊರಲ್ಲೇ ಇದ್ದರು. ಬರಲು ತಯಾರಿದ್ದರು. ಆದರೂ ಮೂವರು ಸತ್ತರು. ಜಾತಿ ಬೇರೆ, ಧರ್ಮ ಬೇರೆ, ಆದರೆ ಮೂರು ಮನೆಯಲ್ಲೂ ಒಂದೇ ಕಟ್ಟು. ಆಗ ಹೆಣ್ಣುಮಕ್ಕಳನ್ನು ಓದಿಸುತ್ತಿರಲಿಲ್ಲ, ಆದ್ದರಿಂದ ಹೆಂಗಸು ಡಾಕ್ಟರ್ ಇರಲಿಲ್ಲ. ಗಂಡಸು ಡಾಕ್ಟರನ್ನು ಒಳಗೆ ಬಿಡುತ್ತಿರಲಿಲ್ಲ. ಎರಡು ಕಡೆಯಿಂದಲೂ ಬಾಗಿಲು ಹಾಕಿದ ಹಾಗೆ. ಒಳಗೆ ಇರುವವಳು ಏನು ಮಾಡಬೇಕು?

ಐಡಾ ಅವರು ತಾಯಿ ತಂದೆಗೆ ತಾನು ಅಮೆರಿಕಕ್ಕೆ ಹೋಗಿ ಡಾಕ್ಟರ್ ಓದಿಕೊಂಡು ಇಲ್ಲಿಗೇ ಬರುತ್ತೇನೆ ಎಂದು ಹೇಳಿದರು. ಆಗ ಅಮೆರಿಕದಲ್ಲೂ ಹೆಂಗಸರು ಡಾಕ್ಟರ್ ಓದುವುದು ಕಡಿಮೆ. ಮೊದಲು ಫಿಲಡೆಲ್ಫಿಯಾದಲ್ಲಿ ಹೆಂಗಸರಿಗೇ ಇದ್ದ ಮೆಡಿಕಲ್ ಕಾಲೇಜಿನಲ್ಲಿ ಓದಿದರು. ನಂತರ ಕಾರ್ನೆಲ್ ಮೆಡಿಕಲ್ ಕಾಲೇಜು ಹೆಂಗಸರನ್ನೂ ಸೇರಿಸಿಕೊಂಡಾಗ ಅಲ್ಲಿಗೆ ಸೇರಿ 1899ರಲ್ಲಿ ಪಾಸಾದರು. ಬರುವ ಮೊದಲು ಆಸ್ಪತ್ರೆ ಕಟ್ಟಲು ಹಣ ಕೇಳಲು ಹೋದರು. ನ್ಯೂಯಾರ್ಕಿನ ಒಬ್ಬ ಬ್ಯಾಂಕಿನ ಸಾಹುಕಾರರು ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು.

1900ನೇ ಇಸವಿಯಲ್ಲಿ ವೇಲೂರಿಗೆ ಬಂದರು. ತಂದೆಯ ಜೊತೆ ಇದ್ದು ಕೆಲಸ ಕಲಿಯಬಹುದು ಅಂತ ಆಸೆ ಇತ್ತು. ಆದರೆ ಅದೇ ವರ್ಷ ತಂದೆ ತೀರಿಕೊಂಡರು. ಒಬ್ಬರೇ ಆದರು. ಬಂಗಲೆಯ ಒಂದು ಕೋಣೆಯಲ್ಲಿ ಒಂದೇ ಒಂದು ಹಾಸಿಗೆ ಹಾಕಿ ಆಸ್ಪತ್ರೆ ಶುರು ಮಾಡಿದರು. ಈಗ ನಾವು ನೋಡುವ ಆ ದೊಡ್ಡ ಆಸ್ಪತ್ರೆ ಶುರುವಾಗಿದ್ದು ಒಂದು ಹಾಸಿಗೆಯಿಂದ! ನರ್ಸ್ ಅಂತ ಯಾರೂ ಇರಲಿಲ್ಲ. ಮನೆ ಅಡಿಗೆಯವರ ಹೆಂಡತಿಗೇ ಹೇಳಿಕೊಟ್ಟು ಸಹಾಯಕ್ಕೆ ಇಟ್ಟುಕೊಂಡರು. ಎರಡು ವರ್ಷದಲ್ಲಿ 5,000 ರೋಗಿಗಳನ್ನು ನೋಡಿದರಂತೆ. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ತೆರೆಯಿತು. ಆ ಸಾಹುಕಾರರ ಹೆಂಡತಿಯ ಹೆಸರು ಮೇರಿ ಟೇಬರ್ ಶೆಲ್, ಆಸ್ಪತ್ರೆಗೂ ಅದೇ ಹೆಸರು ಇಟ್ಟರು.

ಇಲ್ಲಿಯವರೆಗೆ ಓದಿದರೆ ಒಬ್ಬರು ಒಳ್ಳೆ ಡಾಕ್ಟರಮ್ಮನ ಕಥೆ ಅನಿಸುತ್ತದೆ. ಅಂಥವರು ಬೇರೆಯವರೂ ಇದ್ದಾರೆ. ನನಗೆ ಐಡಾ ಅವರು ದೊಡ್ಡವರು ಅನಿಸಿದ್ದು ಇನ್ನು ಮುಂದಿನ ಎರಡು ಕೆಲಸಗಳಿಂದ.

ಮೊದಲನೆಯದು ರಸ್ತೆ ಬದಿಯ ಆಸ್ಪತ್ರೆ. ಆಸ್ಪತ್ರೆ ಎಷ್ಟು ದೊಡ್ಡದಾದರೂ ಹಳ್ಳಿಯವರು ಕೊನೆ ಗಳಿಗೆಯಲ್ಲಿ ಬರುತ್ತಿದ್ದರು. ಕಣ್ಣು ಕೆಂಪಾದಾಗ ಬರುತ್ತಿರಲಿಲ್ಲ, ಕುರುಡಾದ ಮೇಲೆ ಬರುತ್ತಿದ್ದರು. ಸಣ್ಣ ಹುಣ್ಣಿಗೆ ಬರುತ್ತಿರಲಿಲ್ಲ, ಕಾಲು ಕೊಳೆತ ಮೇಲೆ ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ಅವರ ತಪ್ಪು ಅಂತಲೂ ಹೇಳೋಕಾಗಲ್ಲ. ಕೂಲಿ ಬಿಟ್ಟು ಇಪ್ಪತ್ತು ಮೈಲಿ ನಡೆದು ಬರಲು ಯಾರಿಗೆ ಆಗುತ್ತೆ? ಅದಕ್ಕೆ ಐಡಾ ಅವರೇ ಹೊರಟರು. ವೇಲೂರಿನಿಂದ ಗುಡಿಯಾತ್ತಂ ಊರಿಗೆ ವಾರಕ್ಕೊಂದು ಸಲ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಮರದ ನೆರಳು ಇರುವ ಕಡೆ ಗಾಡಿ ನಿಲ್ಲಿಸಿದರೆ ಅದೇ ಆಸ್ಪತ್ರೆ.

1909ರಲ್ಲಿ ಅವರಿಗೆ ಒಂದು ಮೋಟಾರು ಕಾರು ಬಂತು. ಫ್ರಾನ್ಸ್ ದೇಶದ ಪ್ಯೂಜೋ ಕಾರು. ಆ ಕಡೆ ಹಳ್ಳಿಯವರು ಕಾರು ನೋಡಿಯೇ ಇರಲಿಲ್ಲ. ಎತ್ತಿಲ್ಲದೆ ಕುದುರೆ ಇಲ್ಲದೆ ಸದ್ದು ಮಾಡಿಕೊಂಡು ಬರುವುದನ್ನು ಕಂಡು ದೆವ್ವ ಬಂತು ಅಂತ ಹೊಲದೊಳಕ್ಕೆ ಓಡಿಹೋದರಂತೆ. ಆಮೇಲೆ ಅದೇ ಜನ ಕಾರು ಬರುವ ದಿನ ಬೆಳಿಗ್ಗೆಯಿಂದಲೇ ರಸ್ತೆ ಪಕ್ಕ ಕೂತು ಕಾಯುವ ಹಾಗಾಯಿತು. ಕಣ್ಣು ನೋವಿನವರು, ಕಜ್ಜಿ ಮಕ್ಕಳು, ಚಳಿಜ್ವರದವರು, ಹಲ್ಲು ಕೀಳಿಸುವವರು, ಬಸುರಿ ಹೆಂಗಸರು ಎಲ್ಲ ಬರುತ್ತಿದ್ದರು. ಕುಷ್ಠರೋಗಿಗಳೂ ಬರುತ್ತಿದ್ದರು. ಆಗ ಅವರನ್ನು ಊರೊಳಗೇ ಬಿಡುತ್ತಿರಲಿಲ್ಲ, ಮನೆಯವರೇ ಹೊರಗೆ ಹಾಕುತ್ತಿದ್ದರು. ಐಡಾ ಅವರು ಆ ಹುಣ್ಣುಗಳನ್ನು ತಾವೇ ತೊಳೆದು ಪಟ್ಟಿ ಕಟ್ಟುತ್ತಿದ್ದರು.

ನಮ್ಮ ವಿಜ್ಞಾನದ ಪಾಠದಲ್ಲಿ ರೋಗ ಬಂದ ಮೇಲೆ ವಾಸಿ ಮಾಡುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಮೇಲು ಅಂತ ಇದೆ. ಪರೀಕ್ಷೆಗೆ ಬರುತ್ತೆ ಅಂತ ಬಾಯಿಪಾಠ ಮಾಡ್ತೇವೆ. ಆದರೆ ಅದು ಹೇಗೆ ನಡೆಯುತ್ತೆ ಅಂತ ಇಲ್ಲಿ ಗೊತ್ತಾಗುತ್ತದೆ. ಹೆರಿಗೆಯನ್ನೇ ತೆಗೆದುಕೊಳ್ಳಿ. ಹಿಂದೆ ಹೊಕ್ಕುಳಬಳ್ಳಿಯನ್ನು ಮನೆಯಲ್ಲಿದ್ದ ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ತೊಳೆಯದ ಕುಡುಗೋಲಿನಿಂದ ಅದು ಮಗುವಿನ ಮೈಗೆ ಸೇರಿದರೆ ಕೆಲವು ದಿನದಲ್ಲಿ ಮಗು ಹಾಲು ಕುಡಿಯೋದು ಬಿಡುತ್ತೆ, ದವಡೆ ಕಚ್ಚಿಕೊಳ್ಳುತ್ತೆ, ಮೈ ಬಿಲ್ಲಿನ ಹಾಗೆ ಬಾಗುತ್ತೆ. ಗ್ರಹ ಹಿಡಿಯಿತು, ದೃಷ್ಟಿಯಾಯಿತು ಅಂತ ತಾಯತ ಕಟ್ಟಿಸುತ್ತಿದ್ದರು. ನಮ್ಮ ಮುತ್ತಜ್ಜಿಗೆ ಏಳು ಹೆರಿಗೆಯಾಗಿ ನಾಲ್ಕು ಮಕ್ಕಳು ಉಳಿದರು ಅಂತ ನಮ್ಮಜ್ಜಿ ಹೇಳ್ತಾರೆ. ಉಳಿದ ಮೂರಕ್ಕೆ ಏನಾಯಿತು ಅಂತ ಕೇಳಿದರೆ ಹೀಗೇ ಹೋದವು ಅಂತಾರೆ ಅಷ್ಟೇ. ಬ್ಲೇಡನ್ನು ಕುದಿಯುವ ನೀರಿನಲ್ಲಿ ಇಡುವುದು, ಸೋಪು ಹಾಕಿ ಕೈ ತೊಳೆಯುವುದು, ಬಸುರಿಯಾದಾಗ ತಾಯಿಗೆ ಇಂಜೆಕ್ಷನ್ ಕೊಡಿಸುವುದು, ಇಷ್ಟು ಮಾಡಿದರೆ ಆ ರೋಗ ಬರೋದಿಲ್ಲ. ಹೀಗೆ ಮಾಡಿ ಮಾಡಿಯೇ 2015ರಲ್ಲಿ ನಮ್ಮ ದೇಶದಲ್ಲಿ ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಹತೋಟಿಗೆ ಬಂತು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿದರು.

ಹಾಗಂತ ಸೂಲಗಿತ್ತಿಯರೆಲ್ಲ ಏನೂ ಗೊತ್ತಿಲ್ಲದವರು ಅಂತ ತಿಳಿಯಬೇಡಿ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕಿಂತ ಹೆಚ್ಚು ಹೆರಿಗೆ ಮಾಡಿಸಿದ್ದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಮಗು ಅಡ್ಡ ತಿರುಗಿದರೆ, ರಕ್ತ ನಿಲ್ಲದಿದ್ದರೆ ಕೈಯೊಂದೇ ಸಾಲದು, ಓದಿದವರೂ ಬೇಕು.

ಇದೇ ಐಡಾ ಅವರ ಎರಡನೇ ದೊಡ್ಡ ಕೆಲಸ. ಒಬ್ಬರು ಎಷ್ಟು ಹೆರಿಗೆ ಮಾಡಿಸಬಹುದು? ಒಬ್ಬರು ಎಷ್ಟು ಹಳ್ಳಿಗೆ ಹೋಗಬಹುದು? ತಾನು ಒಂದು ಊರಿನಲ್ಲಿ ಇದ್ದಾಗ ಇನ್ನೊಂದು ಊರಿನಲ್ಲಿ ಅದೇ ಮೂರು ಹೆಂಗಸರ ಹಾಗೆ ಯಾರೋ ಸಾಯುತ್ತಿರುತ್ತಾರೆ. ಆದ್ದರಿಂದ ಇಲ್ಲಿಯ ಹೆಣ್ಣುಮಕ್ಕಳಿಗೇ ಕಲಿಸಬೇಕು ಎಂದು ತೀರ್ಮಾನಿಸಿದರು. 1909ರಲ್ಲಿ ನರ್ಸಿಂಗ್ ಶಾಲೆ ಪ್ರಾರಂಭ ಮಾಡಿದರು. ಆ ಕಾಲದಲ್ಲಿ ನರ್ಸ್ ಕೆಲಸ ಅಂದರೆ ಮರ್ಯಾದೆ ಇಲ್ಲದ ಕೆಲಸ ಅಂತ ಜನ ತಿಳಿದಿದ್ದರು. ಬೇರೆ ಜಾತಿಯವರ ಮೈ ಮುಟ್ಟಬೇಕಲ್ಲ! ಆದರೂ ಕೆಲವರು ಕಳಿಸಿದರು.

ಅದಾದ ಮೇಲೆ ಹುಡುಗಿಯರನ್ನು ಡಾಕ್ಟರೇ ಮಾಡುತ್ತೇನೆ ಅಂದರು. ಮದರಾಸಿನ ದೊಡ್ಡ ಅಧಿಕಾರಿಗಳಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನಾಲ್ಕಾರು ಹುಡುಗಿಯರು ಅರ್ಜಿ ಹಾಕಿದರೇ ಹೆಚ್ಚು ಅಂದುಕೊಂಡಿದ್ದರು. ಅರ್ಜಿ ಎಷ್ಟು ಬಂತು ಗೊತ್ತೇ? 151! 1918ನೇ ಇಸವಿ ಆಗಸ್ಟ್ 12ರಂದು ಶಾಲೆ ಶುರುವಾಯಿತು. ಎಲ್ಲರನ್ನೂ ಸೇರಿಸಿಕೊಳ್ಳಲು ಜಾಗ ಇರಲಿಲ್ಲ, ಹೆಚ್ಚಿನವರನ್ನು ವಾಪಸ್ ಕಳಿಸಬೇಕಾಯಿತು. ವಾಪಸ್ ಹೋದ ಹುಡುಗಿಯರನ್ನು ನೆನೆಸಿಕೊಂಡರೆ ನನಗೆ ಬೇಜಾರಾಗುತ್ತೆ. ಅವರು ಊರಿಗೆ ಹೋಗಿ ಏನು ಮಾಡಿದರೋ, ಪುಸ್ತಕದಲ್ಲಿ ಅದನ್ನು ಬರೆಯುವುದಿಲ್ಲ.

ಶಾಲೆ ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಬಾಡಿಗೆ ಮನೆ, ಒಂದು ಅಸ್ಥಿಪಂಜರ, ಒಂದು ಮೈಕ್ರೋಸ್ಕೋಪು, ಸ್ವಲ್ಪ ಪುಸ್ತಕ. ಪಾಠ ಮಾಡುವವರೂ ಅವರೇ, ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರೂ ಅವರೇ. ವಿದ್ಯಾರ್ಥಿನಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಮರದ ಕೆಳಗಿನ ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತಿದ್ದರು. ಪುಸ್ತಕದಲ್ಲಿ ಓದಿದ ರೋಗ ಅಲ್ಲಿ ರಸ್ತೆ ಪಕ್ಕ ಸಾಲಾಗಿ ಕೂತಿರುತ್ತಿತ್ತು. ಮೊದಲನೇ ಪರೀಕ್ಷೆಗೆ 14 ಹುಡುಗಿಯರು ಕೂತರು. ಮದರಾಸು ಪ್ರಾಂತ್ಯದ ಗಂಡುಹುಡುಗರ ಜೊತೆಗೇ ಬರೆಯುವ ಪರೀಕ್ಷೆ ಅದು. ಗಂಡುಹುಡುಗರೇ ಬಹಳ ಜನ ಫೇಲಾಗುವ ಪರೀಕ್ಷೆ, ಇವರೆಲ್ಲಿ ಪಾಸಾಗ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದರು. 14ಕ್ಕೆ 14 ಹುಡುಗಿಯರೂ ಪಾಸ್! ನಮ್ಮ ತರಗತಿಯ ಹುಡುಗರು ಈ ಸಾಲನ್ನು ಇನ್ನೊಂದು ಸಲ ಓದಬೇಕೆಂದು ಕೋರಿಕೆ. 1922ರಲ್ಲಿ ಅವರು ಓದು ಮುಗಿಸಿ ಹೊರಗೆ ಬಂದರು.

ವಿದ್ಯಾರ್ಥಿನಿಯರು ಅವರನ್ನು ಮೇಡಂ ಅನ್ನುತ್ತಿರಲಿಲ್ಲ, ಆಂಟ್ ಐಡಾ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಅತ್ತೆಗೂ ಚಿಕ್ಕಮ್ಮನಿಗೂ ದೊಡ್ಡಮ್ಮನಿಗೂ ಅದೊಂದೇ ಪದ. ನಾನು ದೊಡ್ಡಮ್ಮ ಅಂತ ಇಟ್ಟುಕೊಂಡಿದ್ದೇನೆ. ಅವರು ಮದುವೆಯಾಗಲಿಲ್ಲ. ವಯಸ್ಸಾದ ಮೇಲೂ ಟೆನಿಸ್ ಆಡುತ್ತಿದ್ದರು. ವಿಳಾಸದಲ್ಲಿ ಡಾಕ್ಟರ್ ಐಡಾ, ಇಂಡಿಯಾ ಎಂದಷ್ಟೇ ಬರೆದಿದ್ದ ಒಂದು ಕಾಗದ ಅವರ ಕೈಗೆ ಸರಿಯಾಗಿ ತಲುಪಿತು ಅಂತ ಹೇಳ್ತಾರೆ.

ಅವರಿಗೆ ವಯಸ್ಸಾದಾಗ ಒಂದು ದೊಡ್ಡ ಕಷ್ಟ ಬಂತು. 1938ರ ಹೊತ್ತಿಗೆ ಮದರಾಸು ಸರ್ಕಾರ ಸಣ್ಣ ಡಾಕ್ಟರ್ ಕೋರ್ಸುಗಳನ್ನು ನಿಲ್ಲಿಸಿ ಎಲ್ಲರೂ ಎಂಬಿಬಿಎಸ್ ಓದಬೇಕು ಎಂದು ಹೊಸ ಕಾನೂನು ತಂದಿತು. ಕಾನೂನೇನೋ ಸರಿ. ಆದರೆ ಅದಕ್ಕೆ ಹೆಚ್ಚು ಓದಿದ ಅಧ್ಯಾಪಕರು, ಇನ್ನೂ ಹೆಚ್ಚು ಹಾಸಿಗೆ, ಪ್ರಯೋಗಶಾಲೆ ಎಲ್ಲ ಬೇಕು. ಇಲ್ಲದಿದ್ದರೆ ಶಾಲೆ ಮುಚ್ಚಬೇಕು. 70 ವರ್ಷದ ಐಡಾ ಅವರು 1941ರಲ್ಲಿ ಎರಡನೇ ಮಹಾಯುದ್ಧ ನಡೆಯುತ್ತಿರುವಾಗ ಹಣ ಕೂಡಿಸಲು ಅಮೆರಿಕಕ್ಕೆ ಹೋಗಿ ಊರೂರು ತಿರುಗಿದರು. ಆಗ ಇನ್ನೊಂದು ಜಗಳ ಎದ್ದಿತು. ಗಂಡುಹುಡುಗರನ್ನೂ ಸೇರಿಸಿಕೊಂಡರೆ ಬೇರೆ ಸಂಘದವರೂ ಹಣ ಕೊಡುತ್ತಾರೆ, ಕಾಲೇಜು ಉಳಿಯುತ್ತದೆ ಎಂದು ಕೆಲವರು. ಇದು ಹೆಂಗಸರಿಗೆ ಎಂದೇ ಹೆಂಗಸರು ದುಡ್ಡು ಹಾಕಿ ಕಟ್ಟಿದ್ದು, ಹಾಗೆ ಮಾಡಬಾರದು ಎಂದು ಇನ್ನು ಕೆಲವರು. ಐಡಾ ಅವರ ಹಳೆಯ ಸ್ನೇಹಿತರೇ ಅವರ ಮೇಲೆ ಕೋಪ ಮಾಡಿಕೊಂಡರು. ಕೊನೆಗೆ ಅವರು ಗಂಡುಹುಡುಗರನ್ನು ಸೇರಿಸಲು ಒಪ್ಪಿದರು. ನಾನಾಗಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ. ನನಗೆ ಕೋಪ ಮಾಡಿಕೊಂಡವರ ಮಾತೂ ನ್ಯಾಯ ಅನಿಸುತ್ತದೆ. ಆದರೆ ಶಾಲೆಯೇ ಮುಚ್ಚಿಹೋದರೆ ಹುಡುಗಿಯರಿಗೂ ಇಲ್ಲ, ಹುಡುಗರಿಗೂ ಇಲ್ಲ. 1942ರಲ್ಲಿ ಎಂಬಿಬಿಎಸ್ ಶುರುವಾಯಿತು. 1947ರಲ್ಲಿ ಗಂಡುಹುಡುಗರು ಸೇರಿದರು.

1946ರಲ್ಲಿ ಐಡಾ ಅವರು ನಿವೃತ್ತರಾದರು. ಅವರ ನಂತರ ಆ ಜಾಗಕ್ಕೆ ಬಂದವರು ಹಿಲ್ಡಾ ಲಾಜರಸ್ ಎಂಬ ಭಾರತೀಯ ಡಾಕ್ಟರಮ್ಮ. ಇದೂ ಐಡಾ ಅವರಿಗೆ ಬೇಕಾಗಿದ್ದದ್ದೇ. ಕುಷ್ಠರೋಗದಿಂದ ಮುದುಡಿಹೋದ ಕೈ ಬೆರಳುಗಳನ್ನು ಆಪರೇಷನ್ ಮಾಡಿ ಸರಿ ಮಾಡುವುದನ್ನು ಪ್ರಪಂಚದಲ್ಲೇ ಮೊದಲು 1948ರಲ್ಲಿ ಪಾಲ್ ಬ್ರ್ಯಾಂಡ್ ಎಂಬ ಡಾಕ್ಟರು ಮಾಡಿದ್ದು ಇದೇ ವೇಲೂರಿನಲ್ಲಿ. ರಸ್ತೆ ಬದಿಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದಂಥವರ ಕೈಗಳು ಮತ್ತೆ ತುತ್ತು ಎತ್ತುವ ಹಾಗಾದವು.

ಐಡಾ ಸ್ಕಡರ್ ಅವರು 1960ರ ಮೇ ತಿಂಗಳಿನಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡರು. ಆಗ ಅವರಿಗೆ 89 ವರ್ಷ.

ಈಗ ನಮ್ಮೂರಲ್ಲಿ ಆಶಾ ಅಕ್ಕ ಇದ್ದಾರೆ. ಬಸುರಿಯಾದವರ ಹೆಸರು ಬರೆದುಕೊಳ್ಳುತ್ತಾರೆ, ತಾಯಿ ಕಾರ್ಡ್ ಮಾಡಿಸುತ್ತಾರೆ, ಕಬ್ಬಿಣದ ಮಾತ್ರೆ ಕೊಡುತ್ತಾರೆ, 108ಕ್ಕೆ ಫೋನ್ ಮಾಡುತ್ತಾರೆ. ಆಶಾ ಯೋಜನೆ ಶುರುವಾಗಿದ್ದು 2005ರಲ್ಲಿ. ಓದಿದ ಹೆಂಗಸು ಊರಲ್ಲೇ ಇರಬೇಕು ಅನ್ನೋದೇ ಅದರ ಲೆಕ್ಕ. ಆದರೂ 2018-20ರ ಸರ್ಕಾರದ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ 97 ತಾಯಂದಿರು ಸಾಯುತ್ತಿದ್ದರು. ನಮ್ಮ ಕರ್ನಾಟಕದಲ್ಲಿ 69. ಇದನ್ನು ಟೀಚರ್ ಹೇಳಿದಾಗ ತರಗತಿಯಲ್ಲಿ ಒಬ್ಬಳು 69 ಕಡಿಮೆಯಲ್ಲವೇ ಅಂದಳು. ನಮ್ಮ ಶಾಲೆಯ ಎಲ್ಲ ಹುಡುಗಿಯರನ್ನು ಎಣಿಸಿದರೂ 69 ಆಗುವುದಿಲ್ಲ.

ಐಡಾ ಅವರ ಕಾರು ಹೋಗುತ್ತಿದ್ದ ಅದೇ ಗುಡಿಯಾತ್ತಂ ದಾರಿಯಲ್ಲಿ ಕೆ.ವಿ.ಕುಪ್ಪಂ ಎಂಬ ಊರು ಇದೆ. ಅಲ್ಲಿ 1977ರಲ್ಲಿ ವೇಲೂರಿನ ಕಾಲೇಜಿನವರು ಹಳ್ಳಿಗಳ ಆರೋಗ್ಯಕ್ಕೆ ಎಂದೇ ಒಂದು ಕೇಂದ್ರ ತೆರೆದರು. ಕಾಲೇಜಿಗೆ ಸೇರಿದ ಮಕ್ಕಳನ್ನು ಮೊದಲ ವರ್ಷವೇ ಹಳ್ಳಿಗೆ ಕರೆದುಕೊಂಡು ಹೋಗಿ ಮನೆ ಮನೆಗೆ ಕಳಿಸುತ್ತಾರೆ. ಎಲ್ಲಿಂದ ನೀರು ತರುತ್ತೀರಿ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದ್ದೀರಾ, ಹುಡುಗಿ ಶಾಲೆಗೆ ಹೋಗುತ್ತಾಳಾ ಅಂತ ಕೇಳಿ ಬರೆದುಕೊಳ್ಳಬೇಕು.

ಆಸ್ಪತ್ರೆಗೆ ನೂರು ವರ್ಷ ತುಂಬಿದ ನೆನಪಿಗೆ 2000ನೇ ಇಸವಿ ಆಗಸ್ಟ್ 12ರಂದು ಅಂಚೆ ಇಲಾಖೆಯವರು ಒಂದು ಅಂಚೆಚೀಟಿ ಬಿಡುಗಡೆ ಮಾಡಿದ್ದಾರೆ. ನಮ್ಮ ಶಾಲೆಯ ಅಂಚೆಚೀಟಿ ಪುಸ್ತಕದಲ್ಲಿ ಅದು ಇಲ್ಲ. ಯಾರ ಮನೆಯಲ್ಲಾದರೂ ಹಳೇ ಕವರಿನ ಮೇಲೆ ಇದ್ದರೆ ದಯವಿಟ್ಟು ತಂದುಕೊಡಿ. ಇಲ್ಲೇ ಕೆಳಗಡೆ ಅಂಟಿಸಲು ಜಾಗ ಬಿಟ್ಟಿದ್ದೇನೆ.